ಒಚ್ಯಾಮೆಯ ದವಡೆ ಮತ್ತು ಎಂಟನೆಯ ದಿನದ ಕೂಸು

ಒದುಮಾಕ್ರೊಮ್ ಊರಿನಲ್ಲಿ ಕ್ವಾಕು ಅಂಪೊನ್ಸಾನ ದವಡೆಯಷ್ಟು ಪ್ರಸಿದ್ಧವಾದದ್ದು ಇನ್ನೊಂದಿರಲಿಲ್ಲ. ಊರ ನಡುವಿನ ಮುನ್ನೂರು ವರ್ಷದ ಮರಕ್ಕೆ ಎರಡನೆಯ ಸ್ಥಾನ. ಅದಕ್ಕೆ ಮಾತು ಬರುತ್ತಿರಲಿಲ್ಲವಾಗಿ ಪಾಪ, ಹಿಂದೆ ಬಿತ್ತು.

ಅಂಪೊನ್ಸಾ ಊರ ಒಡೆಯರ ಒಚ್ಯಾಮೆ. ಒಡೆಯರನ್ನು ಎಲ್ಲರೂ ನಾನಾ ಎನ್ನುತ್ತಾರೆ. ನಾನಾ ಆದವರು ಸಭೆಯೆದುರು ಗಂಟಲೆತ್ತಿ ಮಾತಾಡುವುದು ಅಶಾಂತಿ ಎಂಬ ಹೆಸರಿನ ಆ ಸೀಮೆಯಲ್ಲಿ ಮರ್ಯಾದೆಯಲ್ಲ. ಅವರು ಪಿಸುಗುಟ್ಟುತ್ತಾರೆ, ಚಿನ್ನದ ತಗಡಿನ ಕೋಲು ಹಿಡಿದ ಒಚ್ಯಾಮೆ ಅದನ್ನು ಸಭೆಗೆ ಸಾರುತ್ತಾನೆ. ಒಟ್ಟಿನಲ್ಲಿ ಒಡೆಯರ ಬಾಯಿ ಒಡೆಯರ ಮುಖದಲ್ಲಿಲ್ಲ, ಅಂಪೊನ್ಸಾನ ಮುಖದಲ್ಲಿದೆ. ಅದೂ ಎಂಥ ಬಾಯಿ! ನಾನಾ "ಮಳೆ ಬರೋ ಹಾಗಿದೆ" ಎಂದು ಪಿಸುಗುಟ್ಟಿದರೆ, ಅಂಪೊನ್ಸಾ ಗುಡುಗಿನಿಂದ ಶುರುಮಾಡಿ, ಸಿಡಿಲಿಗೆ ಹೊಗಳಿಕೆ ಸಲ್ಲಿಸಿ, ಹಿಂದಿನ ಒಡೆಯರೆಲ್ಲ ಯಾವ ಯಾವ ಮಳೆಯಲ್ಲಿ ನೆನೆದರೆಂದು ವರ್ಣಿಸಿ ಮುಗಿಸುವಷ್ಟರಲ್ಲಿ ಮಳೆ ಬಂದು, ನಿಂತು, ನೆಲ ಒಣಗಿರುತ್ತಿತ್ತು. ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ. ಹೆಚ್ಚಿಸಿ ಹೇಳುವುದು ನಮ್ಮ ಜಾಯಮಾನವಲ್ಲ.

ಈ ಬಾಯಿಯಿಂದ ಒಂದು ಸಣ್ಣ ಅನಾಹುತವೂ ಆಗಿತ್ತು. ಒಂಬತ್ತು ವರ್ಷದ ಹಿಂದೆ ಹೊಳೆಯಾಚೆಯ ಊರಿನ ಮೇಕೆಯೊಂದು ಈಚೆ ಬಂದು ಮರಗೆಣಸಿನ ಹೊಲ ಮೇಯ್ದಿತು. ನಾನಾ ಪಿಸುಗುಟ್ಟಿದ್ದು "ಮೇಕೆ ಕಟ್ಟಿಕೊಳ್ಳೋಕೆ ಹೇಳು" ಎಂದಷ್ಟೇ. ಅಂಪೊನ್ಸಾ ಅದನ್ನು ಹೇಳಿ ಮುಗಿಸುವ ಹೊತ್ತಿಗೆ ಮೇಕೆಯ ಗಡ್ಡಕ್ಕೂ ಆಚೆ ದಂಡೆಯ ನಾನಾ ಅವರ ಗಡ್ಡಕ್ಕೂ ಇರುವ ಹೋಲಿಕೆ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿತ್ತು. ಅಂದಿನಿಂದ ಆಚೆಯವರು ಈಚೆಯವರ ಮದುವೆಗೂ ಬರಲಿಲ್ಲ, ಸಾವಿಗೂ ಬರಲಿಲ್ಲ. ಈಗ ಹಿರಿಯರೆಲ್ಲ ಕಾಲು ಸವೆಸಿ ರಾಜಿಯ ದಿನ ಗೊತ್ತುಮಾಡಿದ್ದರು. ಬರುವ ಅಕ್ವಾಸಿದೆ ಹಬ್ಬದ ಭಾನುವಾರ ಆಚೆ ದಂಡೆಯ ನಾನಾ ಹೊಳೆ ದಾಟಿ ಬರುತ್ತಾರೆ; ಅಂಪೊನ್ಸಾ ಅವರನ್ನು ಸ್ವಾಗತಿಸಿ ಮಾತಾಡಬೇಕು. ಅವನು ಆ ಭಾಷಣವನ್ನು ಎರಡು ತಿಂಗಳಿಂದ ಬೆಳೆಸುತ್ತಿದ್ದ. ಆಗಲೇ ಅದು ಹೊಳೆಗಿಂತ ಉದ್ದವಾಗಿತ್ತು.

ಹಾಗಿರುವಾಗ ಹಿಂದಿನ ಶನಿವಾರ ಒಂದು ಸಾವಿನ ಊಟ. ಶಾಮಿಯಾನದ ಕೆಳಗೆ ಕೆಂಪು ಕಪ್ಪು ಬಟ್ಟೆ ಸುತ್ತಿಕೊಂಡ ಜನ, ಎದೆ ನಡುಗಿಸುವ ಹಾಡಿನ ಪೆಟ್ಟಿಗೆಗಳು, ಮಾಲ್ಟ್ ಬಾಟಲಿಗಳ ಕ್ರೇಟು. ಎಲ್ಲವೂ ಬಂದಿತ್ತು, ಮುಚ್ಚಳ ತೆಗೆಯುವ ಕೀಲಿಯೊಂದು ಬಂದಿರಲಿಲ್ಲ.

"ಕೀಲಿ ಎಲ್ಲಿ?" ಎಂದ ಫ್ರಿಂಪಾಂಗ್. ಇವನು ಕಿರಿಯ ಒಚ್ಯಾಮೆ. ಅಕ್ರಾಗೆ ಹೋಗಿ ಕಪ್ಪು ಕನ್ನಡಕ ತಂದವನು. ಸಾವಿನ ಮನೆಯಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಅಂಪೊನ್ಸಾನ ಕೋಲಿನ ಮೇಲೆ ಅವನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು.

"ಕೀಲಿ ಯಾಕೆ?" ಎಂದ ಅಂಪೊನ್ಸಾ. "ನಾನಾ ಅವರ ಬಾಯಿ ಇಲ್ಲೇ ಕೂತಿರೋವಾಗ ಕಬ್ಬಿಣ ಯಾಕೆ ಹುಡುಕ್ತೀರಿ? ಕೊಡಿ ಇತ್ಲಾಗೆ."

ಮೊದಲ ಬಾಟಲಿಯ ಮುಚ್ಚಳ ಹಲ್ಲಿಗೆ ಸಿಕ್ಕಿ ಹಾರಿತು. ಜನ ಹೋ ಎಂದರು. ಅಂಪೊನ್ಸಾನಿಗೆ ಹೋ ಎನ್ನುವುದು ಕೇಳಿಸಿದರೆ ಮುಗಿಯಿತು. ಕ್ರೇಟಿನ ಒಂದು ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಮುಚ್ಚಳಗಳು ಮಿಡತೆಗಳಂತೆ ಹಾರಿ ವಾದ್ಯದವನ ಡೋಲಿನ ಮೇಲೆ ಬಿದ್ದವು. ಕೊನೆಯ ಬಾಟಲಿಗೆ ಬಂದಾಗ "ಟಕ್" ಎಂದಿತು. ಎಲ್ಲರೂ ಮುಚ್ಚಳ ಹುಡುಕಿದರು. ಮುಚ್ಚಳ ಬಾಟಲಿಯ ಮೇಲೇ ಇತ್ತು.

ಅಂಪೊನ್ಸಾ ಎದ್ದು, ಕೆನ್ನೆಗೆ ಕೈಯಿಟ್ಟು, ಗಂಭೀರವಾಗಿ ತಲೆಯಾಡಿಸುತ್ತ ಹೊರಟ. ಸತ್ತವನ ನೆನಪಾಗಿ ದುಃಖ ಉಕ್ಕಿರಬೇಕು ಎಂದುಕೊಂಡು ನಾಲ್ಕು ಜನ ಮುದುಕಿಯರು ಅತ್ತರು.

ಮನೆಗೆ ಬಂದಾಗ ಅವನ ಬಾಯಿ ಒಂದು ಕಡಲೆಕಾಯಿ ಬೀಜ ಒಳಹೋಗುವಷ್ಟೇ ತೆರೆಯುತ್ತಿತ್ತು. ಹೆಂಡತಿ ಕೊನಾಡು ಅವನನ್ನು ಸಂಜೆಯೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಕಿವಿಯ ಮುಂದೆ ಬೆರಳಿಟ್ಟು ನೋಡಿ ಹೇಳಿದರು: "ಕೀಲು ತಪ್ಪಿಲ್ಲ, ಪುಣ್ಯ. ದವಡೆ ಹಿಡಿದಿರೋ ಸ್ನಾಯು ಗಂಟು ಕಟ್ಟಿದೆ. ದಿನಾ ಬಿಸಿ ಬಟ್ಟೆ ಇಟ್ಟು ಹದವಾಗಿ ನೀವಬೇಕು. ಇಲ್ಲಿಂದ, ಕಿವಿ ಮುಂದಿನಿಂದ, ಕೆನ್ನೆ ಇಳಿದು ದವಡೆ ಮೂಲೆವರೆಗೆ. ಊಟ ಮೆತ್ತಗಿರಲಿ. ವಾರದಲ್ಲಿ ಮೂರು ಬೆರಳು ಒಳಗೆ ಹೋಗೋಷ್ಟು ತೆರೆದ್ರೆ ಗೆದ್ರಿ. ಅಲ್ಲಿವರೆಗೆ ಮಾತು ಬೇಡ."

"ಡಾಕ್ಟ್ರೇ, ಇವರು ನಿದ್ದೇಲೂ ಭಾಷಣ ಮಾಡ್ತಾರೆ" ಎಂದಳು ಕೊನಾಡು.

"ಹಾಗಿದ್ರೆ ನಿದ್ದೆನೂ ಬೇಡ" ಎಂದರು ಡಾಕ್ಟರಮ್ಮ.

ಅಂಪೊನ್ಸಾನಿಗೆ ನೋವಿಗಿಂತ ಮಾನದ ಚಿಂತೆ. ಒಡೆಯರ ಬಾಯಿ ಮುಚ್ಚಿಕೊಂಡಿದೆ ಎಂದು ಫ್ರಿಂಪಾಂಗನಿಗೆ ತಿಳಿದರೆ ಕೋಲು ಭಾನುವಾರದೊಳಗೆ ಕೈ ಬದಲಾಗುತ್ತದೆ. ಅಪ್ಪ ಹಿಡಿದ ಕೋಲು, ಅಜ್ಜ ಹಿಡಿದ ಕೋಲು! ಅವನು ಹೆಂಡತಿಯ ಮುಂದೆ ಕೋಲು ಹಿಡಿದು, ಫ್ರಿಂಪಾಂಗನ ಕನ್ನಡಕವನ್ನು ಬೆರಳಲ್ಲಿ ಬರೆದು ತೋರಿಸಿ, ಕತ್ತು ಕೊಯ್ಯುವಂತೆ ಅಭಿನಯಿಸಿದ. ಯಾರಿಗೂ ಹೇಳಬೇಡ ಎಂದು ಅರ್ಥ. ಕೊನಾಡು ತನ್ನ ತಾಯಿಯ ಮೇಲೆ ಆಣೆಯಿಟ್ಟಳು. ಬಳಿಕ ತಾನೇ ನೀವಲು ಕುಳಿತಳು. ಅವಳದು ಇಪ್ಪತ್ತೈದು ವರ್ಷ ಒನಕೆ ಹಿಡಿದು ಫುಫು ಮುದ್ದೆ ಕುಟ್ಟಿದ ಕೈ. ಒಂದೇ ಸಲ ಒತ್ತಿದ್ದಕ್ಕೆ ಅಂಪೊನ್ಸಾನಿಗೆ ಸತ್ತುಹೋದ ಸೋದರಮಾವ ಕಾಣಿಸಿಕೊಂಡು ಕ್ಷೇಮ ವಿಚಾರಿಸಿದನಂತೆ.

"ಆಗಲ್ಲ" ಎಂದಳು ಕೊನಾಡು. "ತಾವಿಯಾ ಅಜ್ಜೀನೇ ಕರೀಬೇಕು."

ತಾವಿಯಾ ಅಜ್ಜಿ ಆ ಊರಿನ ಕೂಸುಗಳಿಗೆ ನೀರೆರೆಯುವವಳು. ಹುಟ್ಟಿದ ಕೂಸಿಗೆ ಬಿಸಿನೀರು ಹಾಕಿ, ಶಿಯಾ ಕಾಯಿಯ ಬೆಣ್ಣೆ ಸವರಿ, ತಲೆಯನ್ನು ಗುಂಡಗೆ ನೀವಿ, ಮೂಗೆಳೆದು, ಕೈಕಾಲು ಜಗ್ಗಿ ಮನುಷ್ಯಾಕಾರಕ್ಕೆ ತರುವುದು ಅವಳ ಕೆಲಸ. ಊರಿನಲ್ಲಿರುವ ಎಲ್ಲ ತಲೆಗಳೂ ಅವಳ ಕೈಯಲ್ಲೇ ಆಕಾರ ಪಡೆದಂಥವು. ನಾನಾ ಅವರ ಕಿರೀಟ ಸರಿಯಾಗಿ ಕೂರುತ್ತಿದ್ದರೆ ಅದಕ್ಕೂ ತಾನೇ ಕಾರಣ ಎನ್ನುತ್ತಿದ್ದಳು. ಫ್ರಿಂಪಾಂಗನ ತಲೆ ಮಾತ್ರ ಸ್ವಲ್ಪ ಸೊಟ್ಟ. "ಅವತ್ತು ನಂಗೆ ಜ್ವರ" ಎಂದು ಅಜ್ಜಿ ಬೀದಿಯಲ್ಲೇ ಹೇಳುತ್ತಿದ್ದಳು.

ಭಾನುವಾರ ಬೆಳಕು ಹರಿಯುವಾಗಲೇ ಅಜ್ಜಿ ದಂತದ ಬಿಳುಪಿನ ಬೋಗುಣಿ, ಬೆಣ್ಣೆಯ ಕರಟ, ಬಿಳಿ ಬಟ್ಟೆಗಳ ಗಂಟು ಹೊತ್ತು ಬಂದಳು. ಪಕ್ಕದ ಮನೆಯ ಸೆರ್ವಾ ಗಂಜಿ ಮಾರುವವಳು. ಅವಳ ಒಂದು ಕಣ್ಣು ಗಂಜಿಯ ಮೇಲಿದ್ದರೆ ಇನ್ನೊಂದು ಬೀದಿಯ ಮೇಲೆ. ಅಜ್ಜಿಯ ಬೋಗುಣಿ ಕಂಡದ್ದೇ ಎರಡೂ ಕಣ್ಣು ಬೀದಿಗೆ ಬಂದವು, ಗಂಜಿ ಉಕ್ಕಿತು.

"ಅಜ್ಜೀ, ಇಷ್ಟು ಬೆಳಗ್ಗೆ ಒಚ್ಯಾಮೆ ಮನೆಗಾ?"

ಅಜ್ಜಿಗೂ ಕೊನಾಡು ಆಣೆ ಹಾಕಿಸಿದ್ದಳು. "ನಂಗೇನೂ ಕೇಳ್ಬೇಡ" ಎಂದಳು. "ಎಂಟು ದಿನ ಕಳೀಲಿ, ತಾನೇ ಹೊರಗೆ ಬರ್ತದೆ."

ಸೆರ್ವಾಳ ಕೈಯ ಸೌಟು ಗಂಜಿಗೆ ಬಿತ್ತು. ಆ ಸೀಮೆಯಲ್ಲಿ ಹುಟ್ಟಿದ ಕೂಸು ಎಂಟನೆಯ ದಿನದವರೆಗೆ ಬರಿಯ ಅತಿಥಿ. ಇರುತ್ತದೋ, ಬಂದ ಲೋಕಕ್ಕೇ ಹಿಂದಿರುಗುತ್ತದೋ ಹೇಳುವಂತಿಲ್ಲ. ಆದ್ದರಿಂದ ಅದನ್ನು ಹೊರಗೆ ತರುವುದಿಲ್ಲ, ಹೆಸರಿಡುವುದಿಲ್ಲ, ಅದರ ಬಗ್ಗೆ ಬಾಯಿಬಿಟ್ಟು ಕೇಳುವುದೂ ಇಲ್ಲ. ಎಂಟನೆಯ ಬೆಳಗ್ಗೆ ಹೊರಗೆ ತಂದು ಹೆಸರಿಡುತ್ತಾರೆ, ಆಗ ಊರೆಲ್ಲ ಬಿಳಿ ಬಟ್ಟೆಯುಟ್ಟು ಬರುತ್ತದೆ. ಬಾಯಿಬಿಟ್ಟು ಕೇಳಬಾರದು ಎಂಬ ಒಂದೇ ಕಾರಣಕ್ಕೆ ಸುದ್ದಿ ಗಾಳಿಗಿಂತ ಬೇಗ ಓಡಿತು. ಕೇಳಿ ತಿಳಿಯುವುದಕ್ಕೆ ಹೊತ್ತು ಹಿಡಿಯುತ್ತದೆ, ಊಹಿಸುವುದಕ್ಕೆ ಹಿಡಿಯುವುದಿಲ್ಲ.

ಒಳಗೆ ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕುಳಿತಳು. "ಬಾ ಮಗಾ, ತಲೆ ಇಲ್ಲಿಡು" ಎಂದು ಐವತ್ತೆಂಟು ವರ್ಷದ ಅಂಪೊನ್ಸಾನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಅವಳಿಗೆ ಗೊತ್ತಿದ್ದದ್ದು ಒಂದೇ ಕ್ರಮ. ಮೊದಲು ಬಿಸಿ ಬಟ್ಟೆ. ಆಮೇಲೆ ಅಂಗೈಯಲ್ಲಿ ಬೆಣ್ಣೆ ಕರಗಿಸಿ, ಕಿವಿಯ ಮುಂದಿನ ಕೀಲಿನ ಮೇಲೆ ಹೆಬ್ಬೆರಳನ್ನು ಸಣ್ಣ ಸುತ್ತು ಸುತ್ತಿಸುತ್ತ ಕೆನ್ನೆಯಿಂದ ದವಡೆಯ ಮೂಲೆಗೆ ಇಳಿಸುವುದು. ಗಂಟು ಸಿಕ್ಕಿದಲ್ಲಿ ತಡೆದು, ಅದು ಸೋಲುವವರೆಗೆ ಒತ್ತಿ ಹಿಡಿಯುವುದು. ಕೊನೆಗೆ ತೊಳೆದ ಕಿರುಬೆರಳನ್ನು ಕೆನ್ನೆಯೊಳಗಿನಿಂದ ಹಾಕಿ, ಹೊರಗಿನ ಹೆಬ್ಬೆರಳಿನೊಂದಿಗೆ ಸ್ನಾಯುವನ್ನು ಹಿಟ್ಟಿನಂತೆ ನಾದುವುದು. ಇಷ್ಟೂ ಹೊತ್ತು ಲಾಲಿ.

"ಯಾರಪ್ಪಾ ಹಟಮಾರಿ? ನಮ್ಮ ಚಿನ್ನಾನಾ? ಅಳ್ಬೇಡ, ಅಳ್ಬೇಡ. ಆಯ್ತು, ಆಯ್ತು."

ಹಲ್ಲು ಕಚ್ಚಿದ ಬಾಯಿಂದ ಅಂಪೊನ್ಸಾ ಹೊರಡಿಸಿದ ದನಿ "ಉಂಞೇಏಏ" ಎಂದಿತ್ತು. ಗೋಡೆಗೆ ಕಿವಿಯಿಟ್ಟಿದ್ದ ಸೆರ್ವಾಳಿಗೆ ಇನ್ನೇನು ಬೇಕು? "ಒಳ್ಳೆ ಗಂಟಲು. ಅಪ್ಪನದೇ" ಎಂದು ತೀರ್ಪುಕೊಟ್ಟು ಹೊರಟಳು.

ಅಭ್ಯಾಸಬಲದಿಂದ ಅಜ್ಜಿ ಅವನ ಮೂಗನ್ನೂ ನಾಲ್ಕು ಸಲ ಎಳೆದಳು, ತಲೆಯನ್ನೂ ಗುಂಡಗೆ ನೀವಿದಳು. ಕಾಲು ಹಿಡಿದು ತಲೆಕೆಳಗಾಗಿ ಜಗ್ಗಬೇಕೆಂದೂ ಹೊರಟಿದ್ದಳು, ಕೊನಾಡು ತಡೆದಳು. ಅಂಪೊನ್ಸಾನಿಗಂತೂ ಅಷ್ಟರಲ್ಲಿ ಗಾಢ ನಿದ್ದೆ. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು.

ಸೋಮವಾರದ ಹೊತ್ತಿಗೆ ಪುರಾವೆಗಳ ರಾಶಿ ಬಿತ್ತು. ಕೊನಾಡು ನಯವಾದ ಗಂಜಿ ಕೊಂಡಳು. ತಾಳೆಹಣ್ಣಿನ ಸಾರು ಮಾಡಿದಳು. ಬಾಣಂತಿಗೆ ಹಾಲು ಬರಲು ಕೊಡುವುದು ಅದನ್ನೇ. ಹಗ್ಗದ ಮೇಲೆ ಸಣ್ಣ ಸಣ್ಣ ಬಿಳಿ ಬಟ್ಟೆಗಳು ಒಣಗುತ್ತಿದ್ದವು. ಇನ್ನು ಉಳಿದದ್ದು ಕೂಸು ಯಾರದು ಎಂಬ ತತ್ವಜಿಜ್ಞಾಸೆ.

"ಕೊನಾಡುದೇ" ಎಂದಳು ಸೆರ್ವಾ ನಲ್ಲಿಯ ಹತ್ತಿರ.

"ಅವಳಿಗೆ ಐವತ್ತಮೂರು ಕಣೇ!"

"ಅದಕ್ಕೇ ನಾಚ್ಕೊಂಡು ಮುಚ್ಚಿಟ್ಟಿದ್ದಾಳೆ. ಆರು ತಿಂಗಳಿಂದ ಅಗಲವಾದ ಬಟ್ಟೆ ಸುತ್ತುತಾ ಇರ್ಲಿಲ್ವಾ?"

ಕೊನಾಡು ಮೂವತ್ತು ವರ್ಷದಿಂದಲೂ ಅಗಲವಾದ ಬಟ್ಟೆಯನ್ನೇ ಸುತ್ತುತ್ತಿದ್ದಳು. ಆದರೆ ಯಾರಿಗೂ ಅದು ನೆನಪಾಗಲಿಲ್ಲ. ಚರ್ಚಿನ ಪಾದ್ರಿಗಳು ಹೆಸರು ಹೇಳದೆ, "ಮುಪ್ಪಿನಲ್ಲೂ ಮಡಿಲು ತುಂಬುವ ದೇವರೇ" ಎಂದು ಮುಗಿಲು ಹರಿಯುವಂತೆ ಪ್ರಾರ್ಥಿಸಿದರು. ಊರಿನ ಐವತ್ತು ದಾಟಿದ ಗಂಡಸರೆಲ್ಲ ಅಂದು ಹೊಸ ಹುರುಪಿನಲ್ಲಿ ಮನೆಗೆ ಹೋದರು; ಹೆಂಗಸರು ಬಾಗಿಲು ಹಾಕಿಕೊಂಡರು.

ಮಂಗಳವಾರ ಬೆಳಗ್ಗೆ ಕೊನಾಡುವಿನ ಹೊಸ್ತಿಲಲ್ಲಿ ಯಾರೋ ಸದ್ದಿಲ್ಲದೆ ಮೃದು ಸೋಪು, ಸಣ್ಣ ಟವೆಲು, ಮಕ್ಕಳ ಪೌಡರಿನ ಡಬ್ಬಿ ಇಟ್ಟುಹೋಗಿದ್ದರು. ಕೊನಾಡು ಎದೆಯ ಮೇಲೆ ಕೈಯಿಟ್ಟುಕೊಂಡಳು. "ನೋಡಿದ್ರಾ? ಹೇಗೋ ಗೊತ್ತಾಗಿದೆ ಇವರಿಗೆ. ಆದ್ರೂ ನಿಮ್ಮ ಮಾನ ಉಳಿಸೋಕೆ ಒಬ್ರೂ ಬಾಯಿಬಿಡ್ತಿಲ್ಲ. ಎಂಥಾ ಜನ!" ಎಂದು ಕಣ್ಣೊರೆಸಿಕೊಂಡು, ಪೌಡರನ್ನು ಗಂಡನ ಕೆನ್ನೆಗೆ ಹಚ್ಚಿದಳು. ಆಮೇಲೆ ಆ ಮನೆಯ ಕಿಟಕಿಯಿಂದ ಬಂದ ಘಮಕ್ಕೆ ಬೀದಿಯ ಹೆಂಗಸರಿಗೆ ಎದೆಹಾಲೇ ಉಕ್ಕಿತೆಂದು ಹೇಳುತ್ತಾರೆ. ಅಷ್ಟು ಇರಲಾರದು, ಅರ್ಧವಂತೂ ನಿಜ.

ಬುಧವಾರ ಅರಮನೆಯಲ್ಲಿ ಫ್ರಿಂಪಾಂಗ್ ಕೈಕಟ್ಟಿ ನಿಂತ. "ನಾನಾ, ರಾಜಿ ಸಭೆ ಎದುರಿಗಿದೆ. ಒಚ್ಯಾಮೆ ಇತ್ಲಾಗೆ ತಲೆ ಹಾಕಿಲ್ಲ. ಅವರ ಮನೆಗೆ ಅತಿಥಿ ಬಂದಿದೆ ಅಂತ ಮಾತು. ಈ ವಯಸ್ಸಲ್ಲಿ! ಹಗಲೂ ರಾತ್ರಿ ತೊಟ್ಟಿಲು ತೂಗೋ ಕೈಗೆ ಕೋಲು ಹಿಡಿಯೋ ಶಕ್ತಿ ಎಲ್ಲಿಂದ ಬರ್ಬೇಕು?"

ನಾನಾ ಮುಗುಳ್ನಕ್ಕು ಪಿಸುಗುಟ್ಟಿದರು: "ಭಾನುವಾರ ಅವನು ಬಾಯಿ ಬಿಡದಿದ್ರೆ ಕೋಲು ನಿನಗೆ. ಈಗ ಹೊಳೆಯಾಚೆ ಹೋಗಿ, ಒಚ್ಯಾಮೆ ಮನೇಲಿ ಶುಭ ಇದೆ, ಸಭೆ ಒಂದು ಗಳಿಗೆ ತಡ ಆಗ್ಬಹುದು ಅಂತ ಹೇಳಿ ಬಾ."

ಫ್ರಿಂಪಾಂಗನಿಗೆ ಕೋಲು ಬರುವ ಮೊದಲೇ ಕೋಲಿನ ಗುಣ ಬಂದುಬಿಟ್ಟಿತು. ಆಚೆ ದಂಡೆಯಲ್ಲಿ ನಿಂತು, ಈಚೆ ದಂಡೆಯಲ್ಲಿ ಬೆಳ್ಳಿ ಹಕ್ಕಿಯೊಂದು ಇಳಿದಿದೆಯೆಂದೂ, ಅದು ಒಂಬತ್ತು ವರ್ಷದ ಮುನಿಸನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಲಿದೆಯೆಂದೂ ಅರ್ಧ ದಿನ ಸಾರಿದ. ಆಚೆಯ ನಾನಾ ಗಡ್ಡ ನೀವಿಕೊಂಡು ಯೋಚಿಸಿ ಉತ್ತರ ಕಳಿಸಿದರು: "ಹಾಗಿದ್ದರೆ ಸಭೆ ಅರಮನೆಯಲ್ಲಿ ಬೇಡ. ಆ ಹಕ್ಕಿಗೆ ಹೆಸರಿಡುವ ಅಂಗಳದಲ್ಲೇ ಕೈ ಕೂಡಿಸೋಣ. ಕೂಸಿನ ಮುಖ ನೋಡಿ ರಾಜಿ." ಕೂಸಿನ ಮಾತು ಎಂಟು ದಿನ ಬಾಯಿಬಿಟ್ಟು ಆಡುವಂತಿರಲಿಲ್ಲವಾಗಿ ಒಚ್ಯಾಮೆಯ ಮನೆಗೆ ಮಾತ್ರ ಇದನ್ನು ಯಾರೂ ತಿಳಿಸಲಿಲ್ಲ. ಒಟ್ಟಿನಲ್ಲಿ ಎರಡು ಊರಿನ ಶಾಂತಿ ಒಂದು ಕೂಸಿನ ಮೇಲೆ ನಿಂತಿತು. ಆ ಕೂಸಿಗಿದ್ದ ಒಂದೇ ಕೊರತೆಯೆಂದರೆ ಅದು ಇರಲೇ ಇಲ್ಲ.

ಗುರುವಾರ ಕೊನಾಡು ಗಿರಣಿಗೆ ಹೋದ ಹೊತ್ತಿನಲ್ಲಿ ಅವಳ ಅಣ್ಣ ಅಜಾರೆ ಕೊಕೊ ತೋಟದ ಊರಿನಿಂದ ಬೆವರು ಸುರಿಸುತ್ತ ಬಂದ. ಆ ಸೀಮೆಯಲ್ಲಿ ಮಗು ತಾಯಿಯ ಕುಲದ್ದು. ಆ ಕುಲಕ್ಕೆ ಅಜಾರೆಯೇ ಯಜಮಾನ. ಆದ್ದರಿಂದ ಸುದ್ದಿ ಕೇಳಿದವನಿಗೆ ಕಾಲು ನೆಲಕ್ಕೆ ತಾಗಿರಲಿಲ್ಲ.

"ಭಾವಾ!" ಎಂದು ಅಪ್ಪಿಕೊಂಡು, ದನಿ ತಗ್ಗಿಸಿದ. "ಅತಿಥಿ ಹೇಗಿದೆ?"

ಕೊನಾಡು ಅಣ್ಣನಿಗೆ ಮಾತ್ರ ನೋವಿನ ಸಂಗತಿ ತಿಳಿಸಿರಬೇಕು ಎಂದುಕೊಂಡ ಅಂಪೊನ್ಸಾ. ಕರೆಯದೆ ಬಂದು ಕುಳಿತ ನೋವನ್ನು 'ಅತಿಥಿ' ಎಂದದ್ದು ಮಾತುಗಾರನಾದ ಅವನಿಗೆ ಬಹಳ ಹಿಡಿಸಿತು. ಬಾಯಿ ಎಷ್ಟು ತೆರೆಯುತ್ತಿತ್ತು ಎಂದು ಎರಡು ಬೆರಳ ನಡುವೆ ಕಡಲೆಬೀಜದಷ್ಟು ಜಾಗ ಬಿಟ್ಟು ತೋರಿಸಿದ.

"ಅಯ್ಯೋ, ಅಷ್ಟೇನಾ? ದಿನ ತುಂಬೋ ಮೊದಲೇ ಬಂತಾ?"

ಸಾವಿನ ಊಟ ಮುಗಿಯುವ ಮೊದಲೇ ಬಂದದ್ದು ನಿಜ. ಅಂಪೊನ್ಸಾ ತಲೆಯಾಡಿಸಿದ. ಬಳಿಕ ಬೆರಳುಗಳನ್ನು ಅಗಲಿಸುತ್ತ ಹೋಗಿ, ದಿನದಿನಕ್ಕೆ ಹಿಗ್ಗುತ್ತಿದೆ ಎಂದು ತೋರಿಸಿದ.

"ಹಾಂ! ಬೆಳೀತಾ ಇದೆ. ಹಾಲು, ಗಂಜಿ ಒಳಗೆ ಹೋಗ್ತಾ ಇದ್ಯಾ?"

ಅಂಪೊನ್ಸಾ ಅತ್ಯಂತ ದುಃಖದಿಂದ ಹೌದೆಂದ. ಐದು ದಿನದಿಂದ ಬೇರೇನೂ ಒಳಗೆ ಹೋಗಿರಲಿಲ್ಲ.

"ರಾತ್ರಿ ಅಳ್ತದಾ?"

ಅಂಪೊನ್ಸಾ ಹಿಂದುಮುಂದು ನೋಡಿ, ನಾಚುತ್ತ, ಸ್ವಲ್ಪ ಎಂಬಂತೆ ಕೈಯಾಡಿಸಿದ.

"ಮುಖ ಯಾರ ಹಾಗಿದೆ?"

ಇದೆಂಥ ಪ್ರಶ್ನೆ! ದವಡೆ ಇನ್ಯಾರ ಮುಖದಲ್ಲಿರಬೇಕು? ಅಂಪೊನ್ಸಾ ತನ್ನ ಮುಖವನ್ನೇ ತೋರಿಸಿದ.

ಅಜಾರೆ ಆ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ನಿಟ್ಟುಸಿರುಬಿಟ್ಟು ಭುಜ ತಟ್ಟಿದ. "ಇರ್ಲಿ ಬಿಡು ಭಾವ. ಆರೋಗ್ಯ ಒಂದಿದ್ರೆ ಸಾಕು. ಬೆಳೀತಾ ಬೆಳೀತಾ ಸರಿ ಹೋಗ್ತದೆ." ಕುಲದವರನ್ನೆಲ್ಲ ಕರೆತರುತ್ತೇನೆಂದು ಹೊರಟೇಬಿಟ್ಟ. ದವಡೆಯ ನೋವಿಗೆ ಇಡೀ ಕುಲ ಯಾಕೆ ಬರಬೇಕೆಂದು ಅಂಪೊನ್ಸಾನಿಗೆ ತಿಳಿಯಲಿಲ್ಲ. ಆದರೂ ಸಂತೋಷವಾಯಿತು. ಮುಖದ ವಿಚಾರ ಮಾತ್ರ ಒಳಗೆ ಚುಚ್ಚಿತು. ಅಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ.

ಅಜ್ಜಿಯ ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ಸುತ್ತುತ್ತಿತ್ತು. ಶುಕ್ರವಾರ ಬಾಯಿಗೆ ಎರಡು ಬೆರಳು ಹೋದವು. ಶನಿವಾರ ಮೂರೂ ಹೋದವು. ಅಜ್ಜಿ ಕೈತೊಳೆದುಕೊಂಡು, "ಗಂಟು ಕರಗಿತು ಮಗಾ. ಇವತ್ತೊಂದು ದಿನ ತೆಪ್ಪಗಿರು. ನಾಳೆ ಬೆಳಗ್ಗೆ ಹೊರಗೆ ಕರ್ಕೊಂಡು ಹೋಗಿ ಸೂರ್ಯನ್ನ ತೋರಿಸ್ತೀನಿ, ಅಲ್ಲೇ ಬಾಯಿ ಬಿಡು" ಎಂದಳು. ಅವಳು ನೀರೆರೆದ ಯಾರನ್ನೇ ಆಗಲಿ ಎಂಟನೆಯ ಬೆಳಗ್ಗೆ ಹೊರಗೆ ತರದೆ ಬಿಟ್ಟವಳಲ್ಲ. ಅಂಪೊನ್ಸಾನಿಗೆ ಒಂದೇ ಚಿಂತೆ. ಬೆರಳು ಹೋಗುತ್ತದೆ, ಸರಿ, ಮಾತು ಬರುತ್ತದೆಯೇ? ಎರಡು ತಿಂಗಳು ಬೆಳೆಸಿದ ಭಾಷಣದ ನಡುವೆ ಮತ್ತೊಮ್ಮೆ ಟಕ್ ಎಂದುಬಿಟ್ಟರೆ?

ಭಾನುವಾರ. ಅಜ್ಜಿ ಕೊನೆಯ ಸಲ ನೀವಿ, ಕೆನ್ನೆಗೆ ಪೌಡರು ಹಾಕಿ, ಗಾಳಿ ತಾಗದಿರಲೆಂದು ತಲೆಯಿಂದ ಗಲ್ಲದವರೆಗೆ ಬಿಳಿ ಬಟ್ಟೆ ಸುತ್ತಿ, ಕೈಹಿಡಿದು ಬಾಗಿಲು ತೆಗೆದಳು.

ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಊರಿಗೆ ಊರೇ ಬಿಳಿ ಬಟ್ಟೆಯುಟ್ಟು ನಿಂತಿತ್ತು. ಎಡಕ್ಕೆ ಈಚೆ ದಂಡೆಯ ನಾನಾ ಅವರ ಕೊಡೆ, ಬಲಕ್ಕೆ ಆಚೆ ದಂಡೆಯ ನಾನಾ ಅವರ ಕೊಡೆ. ನಡುವೆ ಅಜಾರೆ, ಅವನ ಕೈಯಲ್ಲಿ ಎರಡು ಲೋಟ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಜಿನ್ನು. ಕೂಸಿನ ನಾಲಿಗೆಗೆ ಮುಟ್ಟಿಸಲು. ಹಿಂದೆ ಅವನ ಕುಲದ ಎರಡು ಲಾರಿ ಜನ. ಮರದ ಮೇಲೂ ಜನ. ಕೊನಾಡು ಒಳಗಿನಿಂದ ಇಣುಕಿ ನೋಡಿ, "ದವಡೆಗೆ ಇಷ್ಟು ಜನಾನಾ!" ಎಂದು ಕುಕ್ಕರಿಸಿ ಕೂತಳು.

ಕೊನಾಡುವಿನ ಕೈ ಖಾಲಿ. ಅಜ್ಜಿಯ ಒಂದು ಕೈಯಲ್ಲಿ ಬೋಗುಣಿ, ಇನ್ನೊಂದರಲ್ಲಿ ಅಂಪೊನ್ಸಾ.

"ಕೂಸೆಲ್ಲಿ?" ಎಂದಳು ಸೆರ್ವಾ, ಎಂಟು ದಿನ ತಡೆದಿದ್ದ ಪ್ರಶ್ನೆ ಬುಗ್ಗೆಯಂತೆ ಚಿಮ್ಮಿ.

"ಯಾವ ಕೂಸೇ?" ಎಂದಳು ಅಜ್ಜಿ. "ಎಂಟು ದಿನದಿಂದ ನಾನು ನೀವಿದ್ದು ಇವನೊಬ್ಬನ್ನೇ. ತಗೋ, ನೋಡ್ಕೋ."

ಅಂಗಳ ತಣ್ಣಗಾಯಿತು. ಮರದ ಮೇಲಿಂದ ಒಬ್ಬ ಬಿದ್ದ. ಅವನೂ ಸದ್ದು ಮಾಡಲಿಲ್ಲ. ಆಚೆ ದಂಡೆಯ ನಾನಾ ಅವರ ಗಡ್ಡ ನಡುಗಿತು. ಅವರು ತಮ್ಮ ಒಚ್ಯಾಮೆಯ ಕಿವಿಯಲ್ಲಿ ಏನೋ ಹೇಳಿದರು. ಆತ ಕೋಲೆತ್ತಿದ: "ನಮ್ಮ ನಾನಾ ಕೇಳ್ತಾರೆ. ಒಂಬತ್ತು ವರ್ಷದ ಹಿಂದೆ ನಮ್ಮನ್ನ ಮೇಕೆ ಅಂದ್ರಿ. ಇವತ್ತು ಇಲ್ಲದ ಕೂಸಿಗೆ ಹೆಸರಿಡೋಕೆ ಹೊಳೆ ದಾಟಿಸಿದ್ರಿ. ಇದಕ್ಕೆ ಏನನ್ನೋಣ?"

"ನಾನಾ!" ಎಂದು ಫ್ರಿಂಪಾಂಗ್ ಮುಂದೆ ಜಿಗಿದ. "ಮುಖಕ್ಕೆ ಪಟ್ಟಿ ಸುತ್ತಿಕೊಂಡು ನಿಂತಿರೋದು ನೋಡಿ! ತಮ್ಮ ಬಾಯಿಗೆ ಬಾಯೇ ಇಲ್ಲ. ಕೋಲು ಕೊಡಿ, ನಾನು ಸಂಭಾಳಿಸ್ತೀನಿ."

ಈಚೆಯ ನಾನಾ ಅಂಪೊನ್ಸಾನ ಕಡೆ ನೋಡಿದರು. ಅಂಗಳವೆಲ್ಲ ನೋಡಿತು. ಅಂಪೊನ್ಸಾ ಪಟ್ಟಿ ಬಿಚ್ಚಿದ. ಬಾಯಿ ತೆರೆದ. ಮೊದಲಿಗೆ ಅದರಿಂದ ಹೊರಟದ್ದು ಎಂಟು ದಿನ ಹಲ್ಲಿನ ಹಿಂದೆ ಕೂಡಿಬಿದ್ದಿದ್ದ ಒಂದು ಆಕಳಿಕೆ. ಅದು ಹಿಗ್ಗಿತು, ಇನ್ನೂ ಹಿಗ್ಗಿತು. ಮೂರು ಬೆರಳೇನು, ಒಂದು ಮಾಲ್ಟ್ ಬಾಟಲಿಯೇ ಹೋಗುವಷ್ಟು ಹಿಗ್ಗಿತು. ನೋವಿಲ್ಲ! ಟಕ್ ಇಲ್ಲ! ಬೆಣ್ಣೆ ಸವರಿದ ಬಾಗಿಲಿನಂತೆ ದವಡೆ ತೆರೆದು, ಸದ್ದಿಲ್ಲದೆ ಮುಚ್ಚಿತು. ಅಂಪೊನ್ಸಾನ ಕಣ್ಣಲ್ಲಿ ನೀರಾಡಿತು. ಎರಡು ತಿಂಗಳ ಭಾಷಣ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತಿತು. ಅಷ್ಟರಲ್ಲಿ ಅಜ್ಜಿ ಹಿಂದಿನಿಂದ ಅವನ ಕೆನ್ನೆ ಹಿಂಡಿ, "ಚಿಕ್ಕದಾಗಿ ಹೇಳು. ಮತ್ತೆ ಗಂಟು ಕಟ್ಟಿದ್ರೆ ನಾನು ಬರಲ್ಲ" ಎಂದಳು.

"ಕೂಸಿಲ್ಲ" ಎಂದ ಅಂಪೊನ್ಸಾ. "ಜಂಬಕ್ಕೆ ಹಲ್ಲಿಂದ ಬಾಟಲಿ ತೆಗೆದೆ. ದವಡೆ ಹಿಡ್ಕೊಳ್ತು. ಅಜ್ಜಿ ನೀವಿದ್ಲು. ಬಿಟ್ಟಿತು. ಅಷ್ಟೇ."

ಜನ ಕಾದರು. ಒಚ್ಯಾಮೆ ಅಂಪೊನ್ಸಾ 'ಅಷ್ಟೇ' ಎಂದದ್ದನ್ನು ಆ ಊರಲ್ಲಿ ಜೀವಂತ ಇರುವವರಾರೂ ಕೇಳಿರಲಿಲ್ಲ. ಮೊದಲು ನಕ್ಕವರು ಆಚೆ ದಂಡೆಯ ನಾನಾ. ಒಡೆಯರು ಸಭೆಯಲ್ಲಿ ಸದ್ದುಮಾಡಿ ನಗಬಾರದು. ಅವರು ನಕ್ಕರು, ಕೊಡೆ ಹಿಡಿದವನೂ ನಕ್ಕು ಕೊಡೆ ವಾಲಿತು. ಆಮೇಲೆ ನಕ್ಕವರಿಗೆ ಲೆಕ್ಕವಿಲ್ಲ.

ಅಜಾರೆ ಒಬ್ಬನೇ ನಗಲಿಲ್ಲ. ಕೈಯಲ್ಲಿದ್ದ ಲೋಟಗಳನ್ನು ನೋಡಿದ, ಎರಡು ಲಾರಿ ಜನರನ್ನು ನೋಡಿದ. "ಇಷ್ಟು ದೂರದಿಂದ ಬಂದು ವಾಪಸ್ ಒಯ್ಯೋದಾ?" ಎಂದು ಗೊಣಗಿ, ನೀರಿನಲ್ಲಿ ಬೆರಳದ್ದಿದ. "ಭಾವ, ಬಾಯಿ ತೆಗಿ. ಮುಖ ನಿನ್ನ ಹಾಗೇ ಇದೆ ಅಂದಿದ್ದು ಸುಳ್ಳಲ್ಲವಲ್ಲ." ಅವನು ಕೂಸುಗಳಿಗೆ ಹೇಳುವ ಮಾತನ್ನೇ ಹೇಳಿದ: "ಇದು ನೀರು. ನೀರು ಅಂದಾಗ ನೀರೇ ಆಗಿರಲಿ." ಒಂದು ಹನಿ ನಾಲಿಗೆಗೆ ಬಿತ್ತು. "ಇದು ಮದ್ಯ. ಮದ್ಯ ಅಂದಾಗ ಮದ್ಯವೇ ಆಗಿರಲಿ." ಇನ್ನೊಂದು ಹನಿ. ಐವತ್ತೆಂಟು ವರ್ಷದ ಹಿಂದೆ ಈ ಹನಿಗಳು ಇದೇ ನಾಲಿಗೆಗೆ ಬಿದ್ದಿದ್ದವು. ಸರಿಯಾಗಿ ತಾಗಿರಲಿಲ್ಲವೆಂದು ಕಾಣುತ್ತದೆ.

ಈಚೆಯ ನಾನಾ ಬೆರಳು ಸನ್ನೆ ಮಾಡಿ ಒಚ್ಯಾಮೆಯನ್ನು ಹತ್ತಿರ ಕರೆದರು. ಕಿವಿಯಲ್ಲಿ ಪಿಸುಗುಟ್ಟಿದರು. ಅಂಪೊನ್ಸಾ ಕೋಲು ಹಿಡಿದು ನಡುವೆ ನಿಂತ. ಆಚೆ ದಂಡೆಯವರು ಅಭ್ಯಾಸದಂತೆ ಕಾಲು ಚಾಚಿ, ತಿಂಡಿಯ ಗಂಟು ಬಿಚ್ಚಿ, ದೀರ್ಘ ಹೊತ್ತಿಗೆ ಅಣಿಯಾದರು.

"ನಮ್ಮ ನಾನಾ ಹೇಳ್ತಾರೆ: ಆದದ್ದು ಆಯ್ತು. ಬನ್ನಿ, ಊಟ ಮಾಡೋಣ."

ಅವರು ಮುಂದಿನದಕ್ಕೆ ಕಾದರು. ಮುಂದಿನದು ಇರಲಿಲ್ಲ. ನಾನಾ ಪಿಸುಗುಟ್ಟಿದ್ದು ಅಷ್ಟೇ. ಒಚ್ಯಾಮೆ ಹೇಳಿದ್ದೂ ಅಷ್ಟೇ. ಒಂಬತ್ತು ವರ್ಷದ ಮುನಿಸು ಎಟೊ ತಣಿಯುವ ಮೊದಲೇ ಮುಗಿದುಹೋಯಿತು. ಬೇಯಿಸಿ ಹಿಸುಕಿ ತಾಳೆ ಎಣ್ಣೆ ಕಲಸಿದ ಆ ಗೆಡ್ಡೆಯನ್ನು ಕೊನಾಡು ಗಂಡನಿಗೆಂದು ಮಾಡಿದ್ದಳು. ಎರಡು ಊರು ತಿಂದವು. ಈಚೆಯ ನಾನಾ ಅವರ ಮುಖದಿಂದ ಎಷ್ಟೋ ವರ್ಷದ ಭಾರ ಇಳಿದಂತಿತ್ತು. ತಮ್ಮ ಮಾತು ತಾವಾಡಿದಂತೆಯೇ ಹೊರಗೆ ಬಂದದ್ದನ್ನು ಅವರು ಅಂದೇ ಮೊದಲು ಕೇಳಿದ್ದು.

ಊಟದ ನಡುವೆ ಅಜಾರೆಯ ಲಾರಿಯಿಂದ ಮಾಲ್ಟಿನ ಕ್ರೇಟು ಇಳಿಯಿತು. ಕೀಲಿ ಯಾರೂ ತಂದಿರಲಿಲ್ಲ. ಎಲ್ಲರ ಕಣ್ಣೂ ಅಂಪೊನ್ಸಾನ ಮೇಲೆ ಬಿತ್ತು. ಅಂಪೊನ್ಸಾ ಎರಡೂ ಕೈಯಿಂದ ಗಲ್ಲ ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಹಿಂದಿನ ಸಾಲಿಗೆ ಸರಿದ.

"ನೋಡಿದ್ರಾ!" ಎಂದು ಎದ್ದ ಫ್ರಿಂಪಾಂಗ್. ಕಪ್ಪು ಕನ್ನಡಕ ಸರಿಮಾಡಿಕೊಂಡು ಒಂದು ಬಾಟಲಿ ಎತ್ತಿದ. "ಒಡೆಯರ ಬಾಯಿ ಅಂದ್ರೆ ಹೇಗಿರ್ಬೇಕು ಅಂತ ತೋರಿಸ್ತೀನಿ, ನೋಡಿ."

ಟಕ್.

ಜನ ಮುಚ್ಚಳ ಹುಡುಕಿದರು. ತಾವಿಯಾ ಅಜ್ಜಿ ಹುಡುಕಲಿಲ್ಲ. ತೋಳು ಮೇಲಕ್ಕೇರಿಸಿಕೊಂಡು, ಅಡುಗೆಮನೆಯ ಕಡೆ ತಿರುಗಿ ಕೂಗಿದಳು:

"ಕೊನಾಡೂ, ಆ ಬಿಸಿನೀರು ಚೆಲ್ಲಬೇಡ ಕಣೇ! ಇವನ ತಲೇನೂ ನೇರ ಮಾಡೋದು ಬಾಕಿ ಇತ್ತು."